ದೀಪ ತಡವರಿಸಿದರೆ ಲಾಗ್ ನೋಡಿ

ಬನಶಂಕರಿಯ ಬಾಲ್ಕನಿಯಲ್ಲಿ ಎಲ್‌ಇಡಿ ಪಟ್ಟಿ ತಡವರಿಸಿದರೆ ಮೊದಲು ಬೈಸಿಕೊಳ್ಳುವುದು ವೈಫೈ. ಕೆಲವೊಮ್ಮೆ ತಪ್ಪು ದೀಪದ್ದೇ: ಅದು ವಿಪರೀತ ಮಾತಾಡುತ್ತಿರುತ್ತದೆ.

ಇಂಥ ಪಟ್ಟಿಯನ್ನು ನಡೆಸುವ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸುಲಭವಾಗಿ ಸಿಗುವ ಇಎಸ್‌ಪಿ32 ಬೋರ್ಡು ತನ್ನೊಳಗೆ ನಡೆಯುವುದನ್ನೆಲ್ಲ ಲಾಗ್ ಸಾಲುಗಳಾಗಿ ಬರೆಯಬಲ್ಲದು. ದೋಷ ಹುಡುಕಲು ಅದು ಬೇಕು. ಹುಡುಕಾಟ ಮುಗಿದ ಮೇಲೂ ವಿವರವಾಗಿ ಬರೆಯುವ ‘ಡೀಬಗ್’ ಮಟ್ಟ ಹಾಗೇ ಉಳಿದರೆ ತೊಂದರೆ.

ಲೆಕ್ಕ ನೋಡಿ. ಸೀರಿಯಲ್ ವೇಗ 115200 ಬಾಡ್ ಇದ್ದಾಗ 100 ಅಕ್ಷರಗಳ ಒಂದು ಸಾಲು ಹೊರಬೀಳಲು ಸುಮಾರು 9 ಮಿಲಿಸೆಕೆಂಡು. ಡಬ್ಲ್ಯುಎಸ್2812 ಪಟ್ಟಿಯ 300 ದೀಪಗಳಿಗೆ ಹೊಸ ಬಣ್ಣ ಕಳಿಸಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು! ಲಾಗ್ ಸುರಿಮಳೆಗೆ ಬಫರ್ ತುಂಬಿದರೆ ಪ್ರೋಗ್ರಾಂ ಕಾಯುತ್ತದೆ, ಬೆಳಕು ಮುಗ್ಗರಿಸುತ್ತದೆ.

ಬೋರ್ಡಿನಲ್ಲಿ ಟಾಸ್ಮೋಟಾ ಫರ್ಮ್‌ವೇರ್ ಇದ್ದರೆ ಅದರ ಕನ್ಸೋಲ್‌ನಲ್ಲಿ ‘ಸೀರಿಯಲ್‌ಲಾಗ್ 0’, ‘ವೆಬ್‌ಲಾಗ್ 2’ ಆದೇಶ ಕೊಟ್ಟರೆ ಸಾಕು. ಎಂಕ್ಯೂಟಿಟಿ ಸಂದೇಶ ಸರ್ವರ್‌ಗೂ ಲಾಗ್ ಹೋಗುತ್ತಿದ್ದರೆ ‘ಎಂಕ್ಯೂಟಿಟಿಲಾಗ್ 0’.

ಇನ್ನೊಂದು ಫರ್ಮ್‌ವೇರ್ ಇಎಸ್‌ಪಿಹೋಮ್‌ನಲ್ಲಿ ಡೀಬಗ್ ಮಟ್ಟವೇ ಡೀಫಾಲ್ಟ್. ಲಾಗರ್ ಮಟ್ಟವನ್ನು ‘ವಾರ್ನ್’ಗೆ ಇಳಿಸಬೇಕು; ಎಚ್ಚರಿಕೆ, ದೋಷ ಎರಡೂ ಆಗಲೂ ಕಾಣುತ್ತವೆ. ಸೀರಿಯಲ್ ವೇಗ (ಬಾಡ್ ರೇಟ್) 0 ಮಾಡಿದರೆ ಸೀರಿಯಲ್ ಲಾಗ್ ಪೂರ್ತಿ ಬಂದ್. ಬಳಿಕ ಮತ್ತೆ ಕಂಪೈಲ್ ಮಾಡಿ, ವೈಫೈ ಮೂಲಕವೇ ಬೋರ್ಡಿಗೆ ಹಾಕಬಹುದು.

ಆಮೇಲೂ ತಡವರಿಸಿದರೆ? ಆಗ ವೈಫೈ ಸಿಗ್ನಲ್ಲು, ಅಡಾಪ್ಟರ್ ಎರಡನ್ನೂ ಪರೀಕ್ಷಿಸುವ ಸರದಿ.