ಜಪಾನಿನ ಶರತ್ಕಾಲ ಮತ್ತು ಪರ್ವತ ಸಂಚಾರ

ಶರತ್ಕಾಲದಲ್ಲಿ ಬಣ್ಣ ತಿರುಗಿದ ಎಲೆಗಳನ್ನು ನೋಡಲು ಬೆಟ್ಟಗಳಿಗೆ ಹೋಗುವುದನ್ನು ಜಪಾನೀಯರು 'ಮೊಮಿಜಿಗರಿ' ಎಂದು ಕರೆಯುತ್ತಾರೆ. 'ಮೊಮಿಜಿ' ಎಂದರೆ ಬಣ್ಣ ತಿರುಗಿದ ಎಲೆ, ವಿಶೇಷವಾಗಿ ಮೇಪಲ್ ಮರದ ಎಲೆ. 'ಗರಿ' ಎಂಬುದು ನಮ್ಮ ಗರಿಯಲ್ಲ. ಆ ಭಾಷೆಯಲ್ಲಿ ಅದಕ್ಕೆ ಬೇಟೆಯೆಂದು ಅರ್ಥ. ಇದೇ ಹೆಸರಿನ ಒಂದು 'ನೋ' ನಾಟಕವನ್ನು ಕನ್ಜೆ ನೊಬುಮಿತ್ಸು ಎಂಬಾತ ರಚಿಸಿದ್ದಾನೆ. ಅದರಲ್ಲಿ ಜಿಂಕೆಯ ಬೇಟೆಗೆಂದು ತೊಗಕುಶಿ ಪರ್ವತಕ್ಕೆ ಹೋದ ವೀರನೊಬ್ಬನು ಕೆಂಪೆಲೆಗಳ ಕೆಳಗೆ ಔತಣ ನಡೆಸುತ್ತಿರುವ ಸುಂದರಿಯನ್ನು ಕಾಣುತ್ತಾನೆ. ಅವಳು ನೀಡಿದ ಮದ್ಯವನ್ನು ಕುಡಿದು ಅಲ್ಲಿಯೇ ನಿದ್ರಿಸುತ್ತಾನೆ. ಆಕೆ ಆ ಪರ್ವತದ ರಾಕ್ಷಸಿಯೆಂಬುದು ಆಮೇಲೆ ತಿಳಿಯುತ್ತದೆ.

ಭೂಗೋಳದ ವಿದ್ಯಾರ್ಥಿಗಳಾದ ನಮಗೆ ಈ ಕಥೆಯಲ್ಲಿ ಒಂದು ಭೌತಿಕ ಸತ್ಯವೂ ಅಡಗಿದಂತೆ ತೋರುತ್ತದೆ. ಜಪಾನಿನ ಪರ್ವತಗಳಿಗೆ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಜನರನ್ನು ಸೆಳೆಯುವ ಬಣ್ಣಕ್ಕೆ ಕಾರಣ ಚಳಿ. ಅದೇ ಕಾಲದಲ್ಲಿ, ಅದೇ ಎತ್ತರದಲ್ಲಿ ಅಲ್ಲಿ ಸಂಭವಿಸುವ ಅನೇಕ ಮರಣಗಳಿಗೂ ಕಾರಣ ಆ ಚಳಿಯೇ. ಇವೆರಡನ್ನೂ ಬೇರೆ ಬೇರೆಯಾಗಿ ವಿವರಿಸುವುದು ವಾಡಿಕೆ: ಒಂದು ಸಸ್ಯಶಾಸ್ತ್ರಜ್ಞರ ಪಾಲಿಗೆ, ಇನ್ನೊಂದು ವೃತ್ತಪತ್ರಿಕೆಗಳ ಪಾಲಿಗೆ. ಒಟ್ಟಿಗೆ ನೋಡಿದರೆ ಹೆಚ್ಚು ತಿಳಿವಳಿಕೆ ದೊರೆಯುತ್ತದೆಂಬುದು ನಮ್ಮ ಅಭಿಪ್ರಾಯ.

ಮೊದಲು ಎಲೆಯ ವಿಷಯ. ಬೇಸಗೆಯ ಎಲೆ ಹಸುರಾಗಿರುವುದು ಪತ್ರಹರಿತ್ತಿನಿಂದ. ಹಗಲು ಕುಗ್ಗಿ ರಾತ್ರಿಗಳು ತಣ್ಣಗಾದಂತೆ ಎಲೆಯುದುರುವ ಜಾತಿಯ ಮರಗಳು ಪತ್ರಹರಿತ್ತನ್ನು ಒಡೆದು ಅದರಲ್ಲಿರುವ ಸಾರವನ್ನು ಕಾಂಡಕ್ಕೆ ಹಿಂದೆಗೆದುಕೊಳ್ಳುತ್ತವೆ. ಆಗ ಎಲೆಯಲ್ಲಿ ಮೊದಲಿನಿಂದಲೂ ಇದ್ದು ಹಸುರಿನಿಂದ ಮುಚ್ಚಿಹೋಗಿದ್ದ ಕೆರೊಟಿನಾಯ್ಡ್ ಎಂಬ ಹಳದಿ ವರ್ಣದ್ರವ್ಯಗಳು ಕಣ್ಣಿಗೆ ಬೀಳುತ್ತವೆ. ಆದುದರಿಂದ ಹಳದಿ ಎಂಬುದು ಹೊಸತಾಗಿ ಬಂದ ಬಣ್ಣವಲ್ಲ, ಮರೆ ಸರಿದ ಬಣ್ಣ. ಕೆಂಪಿನ ರೀತಿ ಬೇರೆ. ಎಲೆಯ ತೊಟ್ಟಿನಲ್ಲಿ ಬೆಂಡಿನಂತಹ ಪದರವೊಂದು ಬೆಳೆದು, ಎಲೆಯಲ್ಲಿ ತಯಾರಾದ ಸಕ್ಕರೆ ಹೊರಗೆ ಹರಿಯದಂತಾದಾಗ, ಬಿಸಿಲಿನ ನೆರವಿನಿಂದ ಆ ಸಕ್ಕರೆಯಿಂದ ಆಂಥೊಸಯನಿನ್ ಎಂಬ ದ್ರವ್ಯ ಹೊಸದಾಗಿ ಉತ್ಪನ್ನವಾಗುತ್ತದೆ. ಆದುದರಿಂದಲೇ ಬಿಸಿಲು ಚೆನ್ನಾಗಿರುವ ಹಗಲು ಮತ್ತು ಹೆಪ್ಪುಗಟ್ಟದಷ್ಟು ಚಳಿಯಿರುವ ರಾತ್ರಿ ಇವೆರಡೂ ಕೂಡಿದ ವರ್ಷಗಳಲ್ಲಿ ಕೆಂಪು ಅತ್ಯಂತ ಉಜ್ಜ್ವಲವಾಗಿರುತ್ತದೆ.

ಇಲ್ಲಿ ನಮ್ಮ ನಾಡಿನ ವಾಚಕರಿಗೆ ಒಂದು ಮಾತನ್ನು ನೆನಪುಮಾಡಬಹುದು. ವಸಂತದಲ್ಲಿ ನಾವು ಕಾಣುವ ಮಾವಿನ ಚಿಗುರಿನ ತಾಮ್ರವರ್ಣಕ್ಕೆ ಕಾರಣವೂ ಇದೇ ಆಂಥೊಸಯನಿನ್. ನಮ್ಮಲ್ಲಿ ಎಲೆ ಹುಟ್ಟುವಾಗ ತೊಡುವ ಬಣ್ಣವನ್ನು ಅಲ್ಲಿಯ ಎಲೆ ಸಾಯುವಾಗ ತೊಡುತ್ತದೆ.

ಕನಿಷ್ಠ ಉಷ್ಣತೆ 8 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಕ್ಕೆ ಇಳಿಯತೊಡಗಿದಾಗ ಬಣ್ಣ ತಿರುಗಲಾರಂಭಿಸುತ್ತದೆ, 5–6 ಡಿಗ್ರಿಗೆ ಬಂದಾಗ ಬೇಗಬೇಗನೆ ಸಾಗುತ್ತದೆ ಎಂಬುದು ಜಪಾನಿನಲ್ಲಿ ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಈ ಚಳಿ ದೇಶದ ಮೇಲೆ ಎರಡು ದಾರಿಗಳಲ್ಲಿ ಬರುತ್ತದೆ: ಉತ್ತರದಿಂದ ದಕ್ಷಿಣಕ್ಕೆ ಮತ್ತು ಶಿಖರದಿಂದ ಕಣಿವೆಗೆ. ಎಲ್ಲಕ್ಕಿಂತ ಮೊದಲು ಬಣ್ಣ ಕಾಣುವುದು ಉತ್ತರದ ಹೊಕ್ಕೈಡೊ ದ್ವೀಪದ ದೈಸೆತ್ಸುಜನ್ ಪರ್ವತಸ್ತೋಮದಲ್ಲಿ. ಅದರ ಅತ್ಯುನ್ನತ ಶಿಖರ ಅಸಾಹಿದಕೆ, 2,291 ಮೀಟರ್. ಅಲ್ಲಿ ಸೆಪ್ಟೆಂಬರ್ ನಡುವಿನಲ್ಲಿಯೇ ಕೆಂಪು ತುಂಬಿರುತ್ತದೆ. ಕ್ಯೋಟೊ ನಗರದ ದೇವಾಲಯಗಳ ತೋಟಗಳಿಗೂ ಟೋಕಿಯೊ ಬಳಿಯ 599 ಮೀಟರ್ ಎತ್ತರದ ತಕಾವೊ ಬೆಟ್ಟಕ್ಕೂ ಬಣ್ಣ ಬರುವಾಗ ನವೆಂಬರ್ ಮುಗಿಯುತ್ತಿರುತ್ತದೆ. ಹೀಗೆ ಒಂದೇ ಶರತ್ಕಾಲವನ್ನು ಎರಡೂವರೆ ತಿಂಗಳ ಕಾಲ ಬೆನ್ನಟ್ಟಿ ಹೋಗಲು ಸಾಧ್ಯ. ಬೇಟೆಯೆಂಬ ಮಾತು ಇಲ್ಲಿ ಅಷ್ಟೇನೂ ಅಸಂಬದ್ಧವೆನಿಸುವುದಿಲ್ಲ.

ಬೆಟ್ಟದ ಮೇಲಿನಿಂದ ಬಣ್ಣ ಎಷ್ಟು ವೇಗವಾಗಿ ಇಳಿಯುತ್ತದೆ? ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಹಾಕಬಹುದು. 100 ಮೀಟರ್ ಏರಿದರೆ ಉಷ್ಣತೆ ಸುಮಾರು 0.6 ಡಿಗ್ರಿ ಕಡಮೆಯಾಗುತ್ತದೆ. ಮಧ್ಯಜಪಾನಿನಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಉಷ್ಣತೆ ತಿಂಗಳಿಗೆ ಸುಮಾರು 5ರಿಂದ 6 ಡಿಗ್ರಿಯಂತೆ ಇಳಿಯುತ್ತದೆ, ಅಂದರೆ ದಿನಕ್ಕೆ 0.2 ಡಿಗ್ರಿಗೆ ತುಸು ಕಡಮೆ. ಎರಡನ್ನೂ ಭಾಗಿಸಿದರೆ ಬಣ್ಣದ ಅಂಚು ದಿನಕ್ಕೆ ಸುಮಾರು 30 ಮೀಟರಿನಂತೆ ಕೆಳಕ್ಕೆ ಸರಿಯಬೇಕೆಂದು ಸಿದ್ಧವಾಗುತ್ತದೆ.

ಈ ಲೆಕ್ಕವನ್ನು ಒರೆಗೆ ಹಚ್ಚಲು ಹಿದಾ ಪರ್ವತಶ್ರೇಣಿಯಲ್ಲಿರುವ ಕಮಿಕೊಚಿ ಕಣಿವೆಯಷ್ಟು ಒಳ್ಳೆಯ ಸ್ಥಳ ಇನ್ನೊಂದಿಲ್ಲ. ಜಪಾನಿನ ಮೂರು ದೊಡ್ಡ ಶ್ರೇಣಿಗಳಾದ ಹಿದಾ, ಕಿಸೊ, ಅಕಾಯಿಶಿಗಳಿಗೆ ಒಟ್ಟಾಗಿ 'ಜಪಾನಿನ ಆಲ್ಪ್ಸ್' ಎಂದು ಹೆಸರು. ಇಂಗ್ಲೆಂಡಿನ ಪಾದ್ರಿ ವಾಲ್ಟರ್ ವೆಸ್ಟನ್ 1896ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಹೆಸರು ಹೊರಜಗತ್ತಿಗೆ ಪರಿಚಿತವಾಯಿತು. 1905ರಲ್ಲಿ ಜಪಾನೀಯರು ತಮ್ಮದೇ ಆದ ಪರ್ವತಾರೋಹಣ ಸಂಘವನ್ನು ಸ್ಥಾಪಿಸಿದರು. ಅದಕ್ಕೆ ಮೊದಲು ಅಲ್ಲಿ ಯಾರೂ ಬೆಟ್ಟ ಹತ್ತುತ್ತಿರಲಿಲ್ಲವೆಂದಲ್ಲ. ತತೆಯಾಮಾ, ಒನ್‌ತಕೆ ಮೊದಲಾದ ಪರ್ವತಗಳಿಗೆ ಯಾತ್ರಿಕರೂ ತಪಸ್ವಿಗಳೂ ಶತಮಾನಗಳಿಂದ ಏರುತ್ತಿದ್ದರು. ಪಾಶ್ಚಾತ್ಯರು 'ಕಂಡುಹಿಡಿದರು' ಎಂದು ಬರೆಯುವ ಪಠ್ಯಪುಸ್ತಕಗಳನ್ನು ಈ ವಿಷಯದಲ್ಲಿ ನಾವು ನಂಬಬೇಕಾಗಿಲ್ಲ.

ಕಮಿಕೊಚಿಯ ಎತ್ತರ ಸುಮಾರು 1,500 ಮೀಟರ್. ಅಲ್ಲಿಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಬಸ್ಸಿನಲ್ಲಿಯೋ ಬಾಡಿಗೆ ಕಾರಿನಲ್ಲಿಯೋ ಹೋಗಬೇಕು. ಅಲ್ಲಿಂದ ಅಜುಸಾ ನದಿಯ ದಡದಲ್ಲಿ ಯೊಕೊವೊ ಎಂಬ ತಂಗುದಾಣದವರೆಗೆ ಸುಮಾರು 11 ಕಿಲೋಮೀಟರ್ ನಡೆಯಬೇಕು. ಮೂರು ಗಂಟೆಯ ಈ ದಾರಿಯಲ್ಲಿ ಏರುವುದು ನೂರು ಮೀಟರಿಗೆ ಸ್ವಲ್ಪ ಹೆಚ್ಚು ಮಾತ್ರ. ಮುಂದಿನ ಮೂರು ಗಂಟೆಗಳಲ್ಲಿ ಸುಮಾರು 700 ಮೀಟರ್ ಹತ್ತಿ ಕರಸವಾ ಎಂಬ ಸ್ಥಳವನ್ನು ಸೇರಬಹುದು. ಇದು ಹಿಂದಿನ ಹಿಮಯುಗದಲ್ಲಿ ಹಿಮನದಿ ಕೊರೆದ ಬೋಗುಣಿಯಾಕಾರದ ತಗ್ಗು; ಎತ್ತರ 2,300 ಮೀಟರ್. ಸುತ್ತಲೂ 3,190 ಮೀಟರಿನ ಓಕು-ಹೊತಕವೇ ಮೊದಲಾದ ಶಿಖರಗಳು ಗೋಡೆಯಂತೆ ನಿಂತಿವೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳಲ್ಲಿ ಇಲ್ಲಿ ನನಕಮಾದೊ ಎಂಬ ಗಿಡ್ಡ ಮರದ ಕಡುಗೆಂಪು, ದಕೆಕಂಬಾ ಎಂಬ ಭೂರ್ಜಜಾತಿಯ ಮರದ ಹಳದಿ, ನೆಲಕ್ಕೆ ಒರಗಿ ಬೆಳೆಯುವ ಹೈಮತ್ಸು ಪೈನಿನ ಹಸುರು, ಇವುಗಳ ನಡುವೆ ಬೂದುಬಣ್ಣದ ಬಂಡೆಗಳು. ಬಣ್ಣಗಳ ಇಷ್ಟು ಒತ್ತಾದ ಸಂಯೋಜನೆ ಕಾಡಿನೊಳಗೆ ದೊರೆಯುವುದಿಲ್ಲ. ಮರಗಳು ಮೊಳಕಾಲೆತ್ತರಕ್ಕೋ ತಲೆಯೆತ್ತರಕ್ಕೋ ಕುಗ್ಗುವ ಈ ವೃಕ್ಷರೇಖೆಯ ಬಳಿ ಮಾತ್ರ ಒಂದು ಇಳಿಜಾರು ಪೂರ್ತಿ ಒಂದೇ ನೋಟಕ್ಕೆ ಸಿಗುತ್ತದೆ.

ಕೆಳಗೆ ಕಮಿಕೊಚಿಯಲ್ಲಿ ಆ ದಿನಗಳಲ್ಲಿ ಕಾಡು ಇನ್ನೂ ಬಹುಮಟ್ಟಿಗೆ ಹಸುರು. ಅಲ್ಲಿಯ ಕರಮತ್ಸು ಮರಗಳು, ಅಂದರೆ ಸೂಜಿಯಂತಹ ಎಲೆಗಳಿದ್ದರೂ ಚಳಿಗಾಲಕ್ಕೆ ಅವನ್ನು ಉದುರಿಸಿಬಿಡುವ ವಿಲಕ್ಷಣ ವೃಕ್ಷಗಳು, ಹೊಂಬಣ್ಣಕ್ಕೆ ತಿರುಗುವುದು ಅಕ್ಟೋಬರ್ ಕೊನೆಗೆ. 800 ಮೀಟರ್ ಇಳಿಯಲು ಸುಮಾರು ಇಪ್ಪತ್ತೈದು ದಿನಗಳು. ಮರದ ಜಾತಿ ಬೇರೆಯಾದುದರಿಂದ ಈ ಹೋಲಿಕೆಯನ್ನು ತೀರ ಬಿಗಿಯಾಗಿ ಹಿಡಿಯಬಾರದಾದರೂ ನಮ್ಮ ಲೆಕ್ಕ ಬಹಳ ತಪ್ಪಾಗಿಲ್ಲ.

ಹೀಗೆ ಅಕ್ಟೋಬರಿನಲ್ಲಿ ಮೇಲಕ್ಕೆ ನಡೆಯುವವನು ಎತ್ತರವನ್ನಲ್ಲದೆ ಕಾಲವನ್ನೂ ದಾಟುತ್ತಾನೆ. ಕಣಿವೆಯಿಂದ ಶಿಖರಕ್ಕೆ ಒಂದು ಹಗಲಿನ ನಡಿಗೆ; ಆದರೆ ಋತುವಿನಲ್ಲಿ ಅದು ಸುಮಾರು ಎರಡು ತಿಂಗಳ ಅಂತರ. ಜಪಾನೀಯರು 'ಸಂದನ್ ಕೊಯೊ' ಎಂದು ಮೆಚ್ಚಿ ಕರೆಯುವ ಮೂರು ಮಜಲಿನ ನೋಟ, ಅಂದರೆ ನೆತ್ತಿಯಲ್ಲಿ ಹೊಸ ಹಿಮ, ನಡುವೆ ಕೆಂಪು, ಬುಡದಲ್ಲಿ ಹಸುರು, ಈ ಸತ್ಯದ ಚಿತ್ರವೇ ಆಗಿದೆ. ದೂರದಿಂದ ನೋಡುವವರಿಗೆ ಅದು ಬಲು ಸುಂದರ. ನಡೆಯುವವನು ಮಾತ್ರ ಹಸುರಿನ ಮಜಲಿನಲ್ಲಿ ತೊಟ್ಟ ಬಟ್ಟೆಯಲ್ಲಿಯೇ ಹಿಮದ ಮಜಲಿಗೆ ಹೋಗುತ್ತಾನೆಂಬುದನ್ನು ಮರೆಯುವಂತಿಲ್ಲ.

ಅದನ್ನು ಮರೆತರೆ ಏನಾಗುವುದೆಂಬುದಕ್ಕೆ 1989ರ ಅಕ್ಟೋಬರ್ 8ರ ಘಟನೆ ಸಾಕ್ಷಿ. ತತೆಯಾಮಾ ಪರ್ವತದಲ್ಲಿ ಮುರೊದೊ ಎಂಬ ಸ್ಥಳದವರೆಗೆ ವಾಹನಗಳಲ್ಲಿಯೇ ಹೋಗಬಹುದು. ಅದರ ಎತ್ತರ 2,450 ಮೀಟರ್. ಅಲ್ಲಿಂದ ಹೊರಟು ಶಿಖರಗಳ ಏಣಿನ ಮೇಲೆ ನಡೆಯುತ್ತಿದ್ದ ಹತ್ತು ಮಂದಿ ಮಧ್ಯವಯಸ್ಕರ ಹಾಗೂ ವೃದ್ಧರ ತಂಡ ಹಿಮಗಾಳಿಗೆ ಸಿಕ್ಕಿತು. ಎಂಟು ಮಂದಿ ಚಳಿಯಿಂದ ಮಡಿದರು. ಅವರು ಬಿದ್ದು ಸತ್ತವರಲ್ಲ, ದೇಹದ ಶಾಖ ಕಳೆದುಕೊಂಡು ಸತ್ತವರು. ಇದರ ಕಾರಣವನ್ನು ಹವಾಮಾನ ನಕ್ಷೆಯಲ್ಲಿ ಹುಡುಕಬೇಕು. ಅಕ್ಟೋಬರಿನ ಜಪಾನಿನಲ್ಲಿ ಸಾಮಾನ್ಯವಾಗಿ ಅಧಿಕ ಒತ್ತಡದ ವಲಯಗಳು ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತ ನಿರ್ಮಲವಾದ ಆಕಾಶವನ್ನು ಕೊಡುತ್ತವೆ. ಇವುಗಳ ನಡುವೆ ಒಂದೆರಡು ದಿನಗಳ ಮಟ್ಟಿಗೆ ಚಳಿಗಾಲದ ಒತ್ತಡವಿನ್ಯಾಸ ಇದ್ದಕ್ಕಿದ್ದಂತೆ ತಲೆದೋರುವುದುಂಟು. ಆಗ ಸೈಬೀರಿಯದ ಕಡೆಯಿಂದ ಬೀಸುವ ವಾಯವ್ಯದ ಗಾಳಿ ಜಪಾನ್ ಸಮುದ್ರದ ಮೇಲೆ ತೇವವನ್ನು ಹೀರಿ, ಎದುರಾದ ಮೊದಲ ಎತ್ತರದ ಗೋಡೆಯ ಮೇಲೆ ಅದನ್ನು ಹಿಮವಾಗಿ ಸುರಿಯುತ್ತದೆ. ತತೆಯಾಮಾ ಅಂತಹ ಗೋಡೆ. ಬಯಲಿನಲ್ಲಿ ಆಗ ತಣ್ಣನೆಯ ಗಾಳಿಯಷ್ಟೇ. ಗಾಳಿಯ ವೇಗ ಸೆಕೆಂಡಿಗೆ 1 ಮೀಟರ್ ಹೆಚ್ಚಿದಂತೆ ಮೈಗೆ ತಾಗುವ ಚಳಿ ಸುಮಾರು 1 ಡಿಗ್ರಿ ಹೆಚ್ಚುತ್ತದೆಂಬುದು ಪರ್ವತಾರೋಹಿಗಳ ಸ್ಥೂಲ ನಿಯಮ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಕಷ್ಟ.

ಹಗಲೂ ನೆರವಾಗುವುದಿಲ್ಲ. ಶರತ್ಕಾಲದ ಸೂರ್ಯ ಬಾವಿಗೆ ಬಿಟ್ಟ ಬಿಂದಿಗೆಯಂತೆ ಇಳಿಯುತ್ತಾನೆಂದು ಜಪಾನಿನಲ್ಲಿ ಗಾದೆಯಿದೆ. ಅಕ್ಟೋಬರ್ ನಡುವಿನಲ್ಲಿ ಸಂಜೆ 5 ಗಂಟೆ ದಾಟಿದೊಡನೆ ಸೂರ್ಯಾಸ್ತವಾಗುತ್ತದೆ. ಕಣಿವೆಗಳಲ್ಲಿ ಬೆಳಕು ಅದಕ್ಕೂ ಮೊದಲೇ ಹೋಗುತ್ತದೆ. ಆದುದರಿಂದ ಮಧ್ಯಾಹ್ನ 3 ಗಂಟೆಯೊಳಗೆ ಪರ್ವತಗೃಹವನ್ನು ಸೇರಬೇಕೆಂಬುದು ಅಲ್ಲಿಯ ಶಿಸ್ತು. ಹೊರಡುವ ಮುನ್ನ ತಮ್ಮ ದಾರಿ, ದಿನ, ಜೊತೆಗಾರರ ವಿವರಗಳನ್ನು ಬರೆದು ಸಲ್ಲಿಸುವ ಪದ್ಧತಿಯೂ ಇದೆ; ಕೆಲವು ಪ್ರಾಂತಗಳಲ್ಲಿ ಅದು ಕಡ್ಡಾಯ.

ಚಳಿಗೆ ಸಂಬಂಧಿಸದ ಅಪಾಯಗಳೂ ಈ ಋತುವಿನಲ್ಲಿಯೇ ಬಂದು ಸೇರುತ್ತವೆ. ಕರಡಿಗಳು ಚಳಿಗಾಲದ ನಿದ್ರೆಗೆ ಮೊದಲು ಮೈತುಂಬಿಕೊಳ್ಳುವ ಕಾಲವಿದು. ಬೀಚ್ ಮರದ ಕಾಯಿಗಳ ಫಸಲು ಕೈಕೊಟ್ಟ ವರ್ಷಗಳಲ್ಲಿ ಅವು ಕೆಳಗಿನ ಊರುಗಳ ಕಡೆಗೂ ಬರುತ್ತವೆ. ಅಂತಹ 2023ರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಕರಡಿಗಳಿಂದ ಗಾಯಗೊಂಡರು ಅಥವಾ ಸತ್ತರು. 2014ರ ಸೆಪ್ಟೆಂಬರ್ 27ರಂದು 3,067 ಮೀಟರ್ ಎತ್ತರದ ಒನ್‌ತಕೆ ಜ್ವಾಲಾಮುಖಿ ಸಿಡಿದು 58 ಮಂದಿ ಸತ್ತರು. ಐವರ ಪತ್ತೆಯೇ ಆಗಲಿಲ್ಲ. ಆ ಸ್ಫೋಟ ಜ್ವಾಲಾಮುಖಿಗಳ ಚರಿತ್ರೆಯಲ್ಲಿ ದೊಡ್ಡದೇನೂ ಅಲ್ಲ. ಆದರೆ ಅಂದು ಶನಿವಾರ, ಆಕಾಶ ಶುಭ್ರ, ಬಣ್ಣ ತುಂಬಿದ ವಾರ, ವೇಳೆ ಮಧ್ಯಾಹ್ನಕ್ಕೆ ಎಂಟು ನಿಮಿಷ ಮುಂಚೆ. ಬೆಳಗ್ಗೆ ಹೊರಟವರೆಲ್ಲ ನೆತ್ತಿಯ ಬಳಿ ಬುತ್ತಿ ಬಿಚ್ಚುವ ಹೊತ್ತು. ಅಷ್ಟು ಜನರನ್ನು ಅಲ್ಲಿ ಕೂಡಿಸಿದುದು ಶರತ್ಕಾಲವೇ.

ಇನ್ನು ಉಳಿದಿರುವುದು, ಈ ಋತುವಿನ ಕಾಲಮಾನವೇ ಬದಲಾಗುತ್ತಿದೆಯೆಂಬ ವಿಷಯ. ಜಪಾನಿನ ಹವಾಮಾನ ಇಲಾಖೆ ಮೇಪಲ್ ಎಲೆ ಕೆಂಪಾಗುವ ದಿನವನ್ನು 1953ರಿಂದ ದೇಶಾದ್ಯಂತ ಗುರುತಿಸುತ್ತ ಬಂದಿದೆ. ಅಂದಿನಿಂದ ಅದು ದಶಕಕ್ಕೆ ಸುಮಾರು 3 ದಿನಗಳಂತೆ ತಡವಾಗುತ್ತಿದೆ. ಏಳು ದಶಕಗಳಲ್ಲಿ ಸುಮಾರು ಮೂರು ವಾರ. ಈ ಅಂಕಿಯನ್ನು ಹಾಗೆಯೇ ಎತ್ತಿ ಪರ್ವತಗಳಿಗೆ ಹಚ್ಚುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ನಮ್ಮ ಮೇಲಿನ ಲೆಕ್ಕದಂತೆ 1 ಡಿಗ್ರಿ ಶಾಖ ಹೆಚ್ಚಾದರೆ ಬಣ್ಣ ಐದಾರು ದಿನ ತಡವಾಗಬೇಕು, ಅಥವಾ ಅದೇ ದಿನದಲ್ಲಿ ಬಣ್ಣದ ಅಂಚು ಸುಮಾರು 170 ಮೀಟರ್ ಮೇಲೆ ನಿಲ್ಲಬೇಕು. ಮೂರು ವಾರವೆಂದರೆ ಅದಕ್ಕಿಂತ ಬಹಳ ಹೆಚ್ಚು. ಗುರುತಿಸುವ ಮರಗಳು ಬಹುಪಾಲು ನಗರಗಳ ವೀಕ್ಷಣಾಲಯಗಳ ಬಳಿಯಲ್ಲಿವೆ. ಅಲ್ಲಿ ಭೂಮಿಯ ತಾಪದೊಡನೆ ನಗರದ ತಾಪವೂ ಕೂಡಿದೆ. ಬೆಟ್ಟದ ಮೇಲೆ ತಡ ಇದಕ್ಕಿಂತ ಕಡಮೆಯಿರಬಹುದು. ಆದರೆ ಇಲ್ಲವೆನ್ನುವಂತಿಲ್ಲ: ಫ್ಯೂಜಿ ಪರ್ವತದ ನೆತ್ತಿಯಲ್ಲಿ ಮೊದಲ ಹಿಮ ಕಾಣುವುದು ಸರಾಸರಿಯಲ್ಲಿ ಅಕ್ಟೋಬರ್ 2ಕ್ಕೆ, 2024ರಲ್ಲಿ ಅದು ಕಂಡದ್ದು ನವೆಂಬರ್ 7ರಂದು, 1894ರಿಂದ ಇಟ್ಟ ದಾಖಲೆಯಲ್ಲಿ ಅತ್ಯಂತ ತಡವಾಗಿ.

ಸಂಚಾರಿಗೆ ಇದರಿಂದ ಆಗುವ ತೊಡಕು ಸೂಕ್ಷ್ಮವಾದುದು. ಬೆಚ್ಚನೆಯ ಸೆಪ್ಟೆಂಬರ್ ಬಣ್ಣವನ್ನು ಮುಂದೂಡುತ್ತದೆ. ಜನರೂ ತಮ್ಮ ಪ್ರಯಾಣವನ್ನು ಮುಂದೂಡುತ್ತಾರೆ. ಸೈಬೀರಿಯದ ಗಾಳಿಯಾದರೋ ಯಾವ ವರ್ಷ ಯಾವ ದಿನ ಬರುವುದೆಂಬ ಕರಾರು ಮಾಡಿಕೊಂಡಿಲ್ಲ. ಹಗಲಂತೂ ಕುಗ್ಗುವಷ್ಟು ಕುಗ್ಗಿಯೇ ತೀರುತ್ತದೆ. ಹಳೆಯ ದಿನಾಂಕಗಳನ್ನು ನಂಬಿ ಬಂದವರಿಗೆ ಹಸುರು ಸಿಗುತ್ತದೆ, ಹೊಸ ದಿನಾಂಕಗಳನ್ನು ನಂಬಿ ಬಂದವರಿಗೆ ಹಿಮ ಸಿಗಬಹುದು. ಹವಾಮಾನ ಇಲಾಖೆ 2021ರಿಂದ ಇಂತಹ ಋತುವೀಕ್ಷಣೆಯನ್ನು ಬಹುಮಟ್ಟಿಗೆ ಕಡಿತಗೊಳಿಸಿ 34 ಸಸ್ಯಗಳಲ್ಲಿ 6ನ್ನು ಮಾತ್ರ ಉಳಿಸಿಕೊಂಡಿತು. ಪ್ರಾಣಿಪಕ್ಷಿಗಳ ವೀಕ್ಷಣೆಯನ್ನು ಪೂರ್ತಿ ಕೈಬಿಟ್ಟಿತು. ಮೇಪಲ್ ಉಳಿದುಕೊಂಡ ಆರರಲ್ಲೊಂದು. ಎತ್ತರದ ಮಜಲುಗಳಲ್ಲಿ ಎಂದು ಬಣ್ಣ ಬಂದಿತು, ಎಂದು ಹಿಮ ಬಿದ್ದಿತು ಎಂಬುದನ್ನು ವರ್ಷದಿಂದ ವರ್ಷಕ್ಕೆ ಕಣ್ಣಾರೆ ಕಂಡವರು ಬಹುಮಟ್ಟಿಗೆ ಪರ್ವತಗೃಹಗಳನ್ನು ನಡೆಸುವ ಜನರೇ. ಅವರ ದಿನಚರಿಗಳು ಇಲಾಖೆಯ ಪಟ್ಟಿಗಳಷ್ಟೇ ಬೆಲೆಯುಳ್ಳವು.

ಕಮಿಕೊಚಿಯಲ್ಲಿ ಋತು ಮುಗಿಯುವ ದಿನ ಮಾತ್ರ ನಿಶ್ಚಿತ. ನವೆಂಬರ್ 15ರಂದು ಅಲ್ಲಿ ಮುಕ್ತಾಯದ ವಿಧಿಯನ್ನು ನಡೆಸಿ ಕಣಿವೆಯ ರಸ್ತೆಯನ್ನು ಮುಚ್ಚುತ್ತಾರೆ. ಮತ್ತೆ ತೆರೆಯುವುದು ಏಪ್ರಿಲ್ ನಡುವಿನಲ್ಲಿ.