ಕೊನೆಗಾಲದ ರೋಮನ್ ನಾಣ್ಯಗಳು: ತಪ್ಪು ಕಲ್ಪನೆ ಮತ್ತು ಸತ್ಯ

ನಾಣ್ಯ ಹಳೆಯದಾದಷ್ಟೂ ದುರ್ಲಭವೂ ದುಬಾರಿಯೂ ಆಗಿರುತ್ತದೆ ಎಂಬ ನಂಬಿಕೆ ಹೊಸ ಸಂಗ್ರಾಹಕರಲ್ಲಿ ಆಳವಾಗಿ ಬೇರೂರಿದೆ. ಆದರೆ ಕ್ರಿ.ಶ. 3 ಮತ್ತು 4ನೇ ಶತಮಾನಗಳ ರೋಮನ್ ತಾಮ್ರಮಿಶ್ರ ನಾಣ್ಯಗಳನ್ನು ಸಾಮ್ರಾಜ್ಯದ ಟಂಕಸಾಲೆಗಳು ಅಪಾರ ಸಂಖ್ಯೆಯಲ್ಲಿ ಅಚ್ಚು ಹಾಕಿದ್ದು, 2010ರಲ್ಲಿ ಇಂಗ್ಲೆಂಡಿನ ಫ್ರೋಮ್ ಬಳಿ ಒಂದೇ ಮಡಕೆಯಲ್ಲಿ 52,503 ನಾಣ್ಯಗಳು ದೊರೆತವು. ಬೆಲೆಯನ್ನು ನಿರ್ಧರಿಸುವುದು ವಯಸ್ಸಲ್ಲ. ಅರಸ, ಟಂಕಸಾಲೆ ಮತ್ತು ನಾಣ್ಯ ಉಳಿದುಬಂದಿರುವ ಸ್ಥಿತಿ.

ಕಾನ್‌ಸ್ಟಂಟೈನನು 312ರಲ್ಲಿ ಮಿಲ್ವಿಯನ್ ಸೇತುವೆಯ ಕದನವನ್ನು ಗೆದ್ದೊಡನೆ ಅವನ ನಾಣ್ಯಗಳು ಕ್ರೈಸ್ತವಾದವು ಎಂಬುದು ಇನ್ನೂ ದೊಡ್ಡ ತಪ್ಪು. ಆ ವಿಜಯದ ನಂತರವೂ ಹಲವು ವರ್ಷ ‘ಅಜೇಯ ಸೂರ್ಯ’ ಎಂದು ಪೂಜೆಗೊಳ್ಳುತ್ತಿದ್ದ ಸೋಲ್ ದೇವತೆಯೇ ಚಕ್ರವರ್ತಿಯ ಸಂಗಾತಿಯಾಗಿ ನಾಣ್ಯದ ಹಿಂಬದಿಯಲ್ಲಿ ನಿಂತಿದ್ದನು, ಕ್ರೈಸ್ತ ಚಿಹ್ನೆಗಳು ತೀರ ಅಪರೂಪವಾಗಿಯೇ ಕಾಣಿಸಿಕೊಂಡವು. 337ರಲ್ಲಿ ಅವನು ತೀರಿಕೊಂಡ ಬಳಿಕ ಹೊರಬಂದ ನಾಣ್ಯದಲ್ಲಿ ತಲೆಗೆ ಮುಸುಕು ಹೊದ್ದ ಚಕ್ರವರ್ತಿ ನಾಲ್ಕು ಕುದುರೆಗಳ ರಥವೇರಿ ಮೇಲಕ್ಕೆ ಸಾಗುತ್ತಾನೆ, ಆಗಸದಿಂದ ಒಂದು ಕೈ ಅವನತ್ತ ಚಾಚುತ್ತದೆ. ಹಳೆಯ ದೈವಾರೋಹಣದ ಕಲ್ಪನೆಯೂ ಹೊಸ ಧರ್ಮದ ದೇವರ ಹಸ್ತವೂ ಇಷ್ಟು ಚಿಕ್ಕ ಲೋಹದ ಬಿಲ್ಲೆಯಲ್ಲಿ ಕೂಡಿಬಂದಿರುವುದು ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ನಾಣ್ಯದ ಮುಖ ಅರಸನ ನಿಜರೂಪವೆಂದೂ ಭಾವಿಸಲಾಗದು. ಡಯೋಕ್ಲಿಷಿಯನ್ 293ರಲ್ಲಿ ರಾಜ್ಯಭಾರವನ್ನು ನಾಲ್ವರಿಗೆ ಹಂಚಿದಾಗ, ಆ ನಾಲ್ವರೂ ದಪ್ಪ ಕತ್ತಿನ, ಮೋಟು ಗಡ್ಡದ ಒಂದೇ ಅಚ್ಚಿನ ಮುಖಗಳಾದರು. ಒಗ್ಗಟ್ಟನ್ನು ಸಾರುವುದೇ ಅಲ್ಲಿನ ಉದ್ದೇಶವಾಗಿದ್ದರಿಂದ, ಅಂಚಿನ ಹೆಸರನ್ನು ಓದದೆ ಅವರನ್ನು ಗುರುತಿಸುವುದು ಕಷ್ಟ.

ಗ್ರಂಥಗಳಲ್ಲಿ ಅರಸನೆಂದು ದಾಖಲಾಗದವನ ನಾಣ್ಯ ನಕಲಿಯೇ ಇರಬೇಕೆಂಬ ವಾದವೂ ಒಮ್ಮೆ ವಿದ್ವಾಂಸರನ್ನೇ ದಾರಿ ತಪ್ಪಿಸಿತು. 1900ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕ ಡೊಮಿಷಿಯಾನಸ್ ಎಂಬುವನ ನಾಣ್ಯವನ್ನು ಅನೇಕರು ಶಂಕಿಸಿದ್ದರು. 2003ರಲ್ಲಿ ಆಕ್ಸ್‌ಫರ್ಡ್‌ಶೈರಿನ ಚಾಲ್‌ಗ್ರೋವ್‌ನ ನಾಣ್ಯರಾಶಿಯಲ್ಲಿ ಅದೇ ಅಚ್ಚುಗಳಿಂದ ಟಂಕಿಸಿದ ಇನ್ನೊಂದು ದೊರೆತ ಮೇಲೆ, 271ರ ಸುಮಾರಿಗೆ ಗಾಲ್ ಪ್ರದೇಶದಲ್ಲಿ ಅಲ್ಪಕಾಲ ಅಧಿಕಾರ ಹಿಡಿದಿದ್ದ ಅವನು ಇತಿಹಾಸಕ್ಕೆ ಮರಳಿದನು.

ಭಾರತಕ್ಕೆ ಬಂದ ರೋಮನ್ ನಾಣ್ಯಗಳೆಲ್ಲ ಅಗಸ್ಟಸ್, ಟೈಬೀರಿಯಸ್ ಕಾಲದವೆಂಬ ಅಭಿಪ್ರಾಯವನ್ನು ಹಾವೇರಿ ಜಿಲ್ಲೆಯ ಅಕ್ಕಿ ಆಲೂರಿನ ಚಿನ್ನದ ನಿಧಿಯೊಂದೇ ತಿದ್ದುತ್ತದೆ. ಅದರಲ್ಲಿ 5ನೇ ಶತಮಾನದ ಎರಡನೆಯ ಥಿಯೋಡೋಸಿಯಸ್‌ನಿಂದ 6ನೇ ಶತಮಾನದ ಜಸ್ಟಿನ್‌ವರೆಗಿನ ಅರಸರಿದ್ದಾರೆ. ಇಂತಹ ಚಿನ್ನದ ನಾಣ್ಯವನ್ನು, ಅಂದರೆ ರೋಮನ್ ಪೌಂಡಿಗೆ 72ರಂತೆ ತೂಗುವ ‘ಸಾಲಿಡಸ್’ ಅನ್ನು, ತೂತು ಬಿದ್ದಿದ್ದರೆ ಹಾಳಾದುದೆಂದು ತಳ್ಳಿಹಾಕುವವರಿದ್ದಾರೆ. ಭಾರತದಲ್ಲಿ ಸಿಕ್ಕ ಹಲವು ನಾಣ್ಯಗಳಲ್ಲಿ ಅರಸನ ತಲೆಯ ಮೇಲ್ಭಾಗದಲ್ಲಿ ಜೋಡಿ ತೂತುಗಳಿರುವುದು, ಅವು ಇಲ್ಲಿ ಆಭರಣವಾಗಿ ಕೊರಳೇರಿದ್ದವು ಎಂಬುದಕ್ಕೆ ಪುರಾವೆ.