ನಿಮಗಿದು ಗೊತ್ತೆ? ಗೋಸುಂಬೆಯ ಬಣ್ಣ ಮೋಸಕ್ಕಲ್ಲ!

ಗಳಿಗೆಗೊಂದು ಮಾತಾಡುವವರನ್ನು ‘ಗೋಸುಂಬೆ’ ಎಂದು ಜರೆಯುತ್ತೇವೆ. ಪಾಪ, ಆ ಪ್ರಾಣಿ ಬಣ್ಣ ಬದಲಿಸುವುದು ಮುಖ್ಯವಾಗಿ ಮನಸ್ಸಿನಲ್ಲಿದ್ದುದನ್ನು ತೋರಿಸಿಕೊಳ್ಳಲು! ಎದುರಾಳಿ ಕಂಡರೆ ಮೈ ರಂಗೇರುತ್ತದೆ, ಸೋತರೆ ಮಂಕಾಗುತ್ತದೆ. ಚಳಿಯಾದಾಗ ಕಪ್ಪಾಗಿ ಬಿಸಿಲು ಹೀರುವುದೂ ಉಂಟು. ಚರ್ಮದೊಳಗಿನ ಅತಿಸೂಕ್ಷ್ಮ ಹರಳುಗಳ ನಡುವಿನ ಅಂತರ ಹಿಗ್ಗಿದಾಗ ಹಸಿರು ಮೈ ಹಳದಿಯಾಗುತ್ತದೆ ಎಂಬುದನ್ನು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಮಡಗಾಸ್ಕರಿನ ಒಂದು ಜಾತಿಯ ಗೋಸುಂಬೆಯಲ್ಲಿ ತೋರಿಸಿದರು.

ಬೇಲಿಯ ಮೇಲೆ ಕೂತು ತಲೆಯಾಡಿಸುವ ಓತಿಕ್ಯಾತ ಬೇರೆಯೇ ಪ್ರಾಣಿ. ಬೆದೆಗಾಲದಲ್ಲಿ ಗಂಡು ಓತಿಯ ತಲೆ, ಕೊರಳು ಕೆಂಪೇರುತ್ತವೆ. ಗೋಸುಂಬೆಗಾದರೋ ಸುರುಳಿ ಬಾಲ, ಒಂದೊಂದು ಒಂದೊಂದು ದಿಕ್ಕಿಗೆ ತಿರುಗುವ ಕಣ್ಣುಗಳು. ಅದಕ್ಕೆ ವಿಷವಿಲ್ಲ. ಕಂಡರೆ ಕಲ್ಲೆಸೆಯಬೇಡಿ.